ಚುಕ್ಕಿ ಮಾವನದು, ಗೀಟು ಅತ್ತೆಯದು

ನಮ್ಮಪ್ಪನ ತಂಗಿಗೆ ಮರಳೆಂದರೆ ಮರುಳು. ಇದು ಬೈಗುಳವಲ್ಲ, ಹುದ್ದೆ. ಊರಿನ ನೀರು ಸರಬರಾಜು ಕೇಂದ್ರದಲ್ಲಿ ಮರಳು ತುಂಬಿದ ಎರಡು ದೊಡ್ಡ ತೊಟ್ಟಿಗಳಿವೆ. ಒಂದೊಂದೂ ಶಾಲೆಯ ಎರಡು ಕೋಣೆಗಳಷ್ಟು ಅಗಲ. ನದಿಯಿಂದ ಬಂದ ನೀರು ಆ ಮರಳಿನೊಳಗೆ ಇಳಿದು, ಶುದ್ಧವಾಗಿ, ಊರಿನ ನಲ್ಲಿಗಳಿಗೆ ಹೋಗುತ್ತದೆ. ಇಪ್ಪತ್ಮೂರು ವರ್ಷಗಳಿಂದ ಆ ತೊಟ್ಟಿಗಳನ್ನು ನೋಡಿಕೊಳ್ಳುತ್ತಿರುವವಳು ಅತ್ತೆ. ಮನೆಗೆ ಸೊಸೆಯಾಗಿ ಬಂದವಳು ಊರಿಗೆಲ್ಲ ಸೋಸುವವಳಾದಳು. ಅವಳಿಗಿಂತ ಮುಂಚೆ ಆ ಕೆಲಸದಲ್ಲಿದ್ದವರು ಅವಳ ಅತ್ತೆಯೇ. ಬೇರೆ ಮನೆಗಳಲ್ಲಿ ಅತ್ತೆ ಸೊಸೆಗೆ ಬೀಗದ ಕೈ ಗೊಂಚಲು ಕೊಡುತ್ತಾರಂತೆ. ನಮ್ಮ ಅತ್ತೆಗೆ ಸಿಕ್ಕಿದ್ದು ತುದಿ ಸವೆದ ಒಂದು ಚಪ್ಪಟೆ ಸಲಿಕೆ, ಜೊತೆಗೆ ಒಂದು ಮಾತು: ಮರಳು ಹಿಡಿದರೆ ಕೈ ಒದ್ದೆಯಾಗಬೇಕು, ಕೊಳೆಯಾಗಬಾರದು.

ಕೆಲಸ ಹೇಳಲು ಸುಲಭ. ನದಿಯ ನೀರು ಮೊದಲು ಕಲ್ಲಿನ ಅಂಚು ಕಟ್ಟಿದ ಒಂದು ತೆರೆದ ಕೊಳಕ್ಕೆ ಬಂದು, ಅಲ್ಲಿ ಕೆಸರೆಲ್ಲ ತಳಕ್ಕೆ ಕೂರುತ್ತದೆ. ತಿಳಿನೀರು ಅಲ್ಲಿಂದ ತೊಟ್ಟಿಗೆ ಹರಿದು, ಮರಳಿನ ಮೇಲೆ ಎದೆಯುದ್ದ ನಿಂತು, ಕಚೇರಿಯಲ್ಲಿ ಅರ್ಜಿ ಇಳಿಯುವ ವೇಗದಲ್ಲಿ ಕೆಳಗಿಳಿಯುತ್ತದೆ. ಕೊಳೆಯೆಲ್ಲ ಮರಳಿನ ಮೇಲ್ಪದರದಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಆ ಪದರ ದಪ್ಪವಾಗಿ ತೊಟ್ಟಿ ಉಸಿರುಗಟ್ಟುತ್ತದೆ. ಆಗ ಅತ್ತೆ ಕವಾಟ ಮುಚ್ಚಿ, ನೀರು ಬಸಿದು, ಇಬ್ಬರು ಕೆಲಸದ ಹೆಂಗಸರೊಂದಿಗೆ ಬರಿಗಾಲಲ್ಲಿ ಇಳಿದು, ಒಂದು ಬೆರಳು ದಪ್ಪದಷ್ಟು ಮರಳನ್ನು ಹೆರೆದು ತೆಗೆಯುತ್ತಾಳೆ. ಹೆರೆದದ್ದನ್ನು ಬಾಂಡಲಿಯಲ್ಲಿ ಹೊತ್ತು, ತೊಳೆದು, ಒಣಗಿಸಿ ಇಡಬೇಕು. ಹೆರೆದ ತೊಟ್ಟಿ ಸರಿಯಾಗಿ ಕೆಲಸಕ್ಕೆ ಕೂರಲು ಮತ್ತೆ ಎರಡು ಮೂರು ದಿನ ಬೇಕು. ಅಷ್ಟು ದಿನ ಊರನ್ನು ಇನ್ನೊಂದು ತೊಟ್ಟಿ ಸಾಕಬೇಕು. ಎರಡೂ ಒಟ್ಟಿಗೆ ಕೈಕೊಟ್ಟರೆ ಊರು ಬಾಯಿಬಿಡುತ್ತದೆ, ಮೊದಲು ಬಾಯಾರಿಕೆಗೆ, ಆಮೇಲೆ ಬೈಯಲು.

ಮಾವ ಅದೇ ಕೇಂದ್ರದ ತೋಟದ ಮೇಸ್ತ್ರಿ. ಮನೆಯೂ ಅದೇ ಕಾಂಪೌಂಡಿನೊಳಗಿನ ಕ್ವಾರ್ಟರ್ಸು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟು, ಪಂಪ್‌ಹೌಸಿನ ಮೂಲೆಯಲ್ಲಿ ಬೇರೆಯಾಗುತ್ತಾರೆ: ಅವರು ಮೇಲಕ್ಕೆ ತೋಟಕ್ಕೆ, ಇವಳು ಕೆಳಕ್ಕೆ ನೀರಿಗೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯನ್ನು ಒಮ್ಮೆ ಅವರೆದುರು ಹೇಳಿಬಿಟ್ಟೆ. ಯಾರು ಎತ್ತು, ಯಾರು ಕೋಣ ಎಂಬುದು ತೀರ್ಮಾನವಾಗದೆ ಆ ದಿನ ಊಟ ತಡವಾಯಿತು.

ಮಾವನ ಹೆಮ್ಮೆಯೆಲ್ಲ ಹುಲ್ಲುಹಾಸಿನ ಮೇಲೆ. ಕಚೇರಿಯ ಮೆಟ್ಟಿಲಿನಿಂದ ಶುರುವಾಗಿ ಇಳಿಜಾರಿನಲ್ಲಿ ಕೊಳದ ಅಂಚಿನವರೆಗೂ ಅದು ಹಾಸಿಕೊಂಡಿತ್ತು. ಊರಲ್ಲಿ ಅದಕ್ಕೆ ‘ಮೇಸ್ತ್ರಿ ಕಾರ್ಪೆಟ್’ ಎಂದೇ ಹೆಸರು. ಮದುವೆ ನಿಶ್ಚಯವಾದ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಅನುಮತಿ ಕೇಳುತ್ತಿದ್ದರು. ಮಾವ ಚಪ್ಪಲಿ ಬಿಚ್ಚಿಸಿ ಒಳಗೆ ಬಿಡುತ್ತಿದ್ದರು. ಮೇಲಧಿಕಾರಿಗಳು ಬಂದಾಗಲೆಲ್ಲ ತಪಾಸಣೆ ಪುಸ್ತಕದಲ್ಲಿ ಹುಲ್ಲಿನ ಬಗ್ಗೆ ಒಂದು ಒಳ್ಳೆಯ ಸಾಲು ಬರೆದು ಹೋಗುತ್ತಿದ್ದರು. ನೀರಿನ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ನೀರು ಚೆನ್ನಾಗಿದ್ದರೆ ಅದರಲ್ಲಿ ಬರೆಯುವುದೇನಿದೆ, ಅದರ ಗುಣವೇ ಕಾಣಿಸದಿರುವುದು.

ಹನ್ನೊಂದು ವರ್ಷದ ಹಿಂದೆ ಹಳೆಯ ಮೇಸ್ತ್ರಿ ನಿವೃತ್ತರಾಗಿ, ಅಲ್ಲೇ ಮಾಲಿಯಾಗಿದ್ದ ಮಾವ ಆ ಜಾಗಕ್ಕೆ ಬಂದರು. ಹಳಬರು ಉದುರಿದ ಎಲೆಗಳನ್ನೆಲ್ಲ ಪಂಪ್‌ಹೌಸಿನ ಹಿಂದೆ ರಾಶಿ ಹಾಕಿ, ಕೊಳೆಸಿ, ಜರಡಿ ಹಿಡಿದು ಹುಲ್ಲಿಗೆ ಎರಚುತ್ತಿದ್ದರು. ಹುಲ್ಲು ಹುಲ್ಲಿನಂತೆಯೇ ಇತ್ತು, ಫೋಟೋಕ್ಕೆ ಯಾರೂ ಬಂದಿರಲಿಲ್ಲ. ಮಾವ ಬಂದವರೇ ಕಚೇರಿಗೆ ಬೇಡಿಕೆ ಪತ್ರ ಕೊಟ್ಟು ಚೀಲದ ಗೊಬ್ಬರ ತರಿಸಿದರು. ಬಿಳಿ ಕಾಳು, ಸಕ್ಕರೆಗಿಂತ ದಪ್ಪ. ಒಂದು ಡಬ್ಬ ಎರಚಿ ಪೈಪಿನಲ್ಲಿ ನೀರು ಬಿಟ್ಟರೆ ವಾರದಲ್ಲಿ ಹುಲ್ಲು ಗಿಳಿಯ ಬಣ್ಣ. ಎಲೆಗಳನ್ನು ಗುಡಿಸಿ ಸುಡುವುದು ಶುರುವಾಯಿತು. ಎರಡನೆಯ ವರ್ಷಕ್ಕೆ ಒಂದು ಡಬ್ಬ ಸಾಲಲಿಲ್ಲ, ಎರಡಾಯಿತು. ಹತ್ತನೆಯ ವರ್ಷಕ್ಕೆ ಐದು. ನೆಲ ಬಿಸ್ಕತ್ತಿನಂತೆ ಗಟ್ಟಿಯಾಗಿತ್ತು. ಎರೆಹುಳು ಕುಕ್ಕಲು ಬರುತ್ತಿದ್ದ ಹಕ್ಕಿಗಳು ಬರುವುದು ನಿಲ್ಲಿಸಿದ್ದವು. ಹುಲ್ಲು ಕೊಳೆಯಾಗುವುದು ತಪ್ಪಿತು ಎಂದು ಮಾವನಿಗೆ ಅದೂ ಒಂದು ಸಮಾಧಾನ.

ಅಡುಗೆಮನೆಯ ಬಾಗಿಲ ಹಿಂದೆ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ಮನೆಗೆ ಅದೊಂದೇ ಕ್ಯಾಲೆಂಡರು. ಗೊಬ್ಬರ ಹಾಕಿದ ದಿನ ಮಾವ ಹಸಿರು ಪೆನ್ನಿನಿಂದ ತಾರೀಖಿನ ಪಕ್ಕ ಒಂದು ಚುಕ್ಕಿ ಇಡುತ್ತಿದ್ದರು, ಮರೆತು ಎರಡು ಸಲ ಹಾಕದಿರಲಿ ಎಂದು. ತೊಟ್ಟಿ ಹೆರೆದ ದಿನ ಅತ್ತೆ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು, ಮುಂದಿನ ಸಲ ಯಾವಾಗ ಎಂದು ಅಂದಾಜಿಗೆ. ಒಂದೇ ಹಾಳೆ, ಎರಡು ಕೈಬರಹ. ಹನ್ನೊಂದು ವರ್ಷ ಮಾವ ಗೀಟನ್ನು ಓದಲಿಲ್ಲ, ಅತ್ತೆ ಚುಕ್ಕಿಯನ್ನು ಓದಲಿಲ್ಲ. ಒಬ್ಬರ ಆಫೀಸಿನ ವಿಷಯಕ್ಕೆ ಇನ್ನೊಬ್ಬರು ತಲೆ ಹಾಕಬಾರದು ಎಂಬುದು ಅವರ ಸಂಸಾರದ ಸಂವಿಧಾನ. ಆ ಸಂವಿಧಾನದಿಂದಲೇ ಅವರ ಸಂಸಾರ ಉಳಿದಿದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ.

ಮೊದಮೊದಲು ಗೀಟು ಏಳೆಂಟು ವಾರಕ್ಕೊಂದು ಬರುತ್ತಿತ್ತು. ಬರಬರುತ್ತಾ ಐದು ವಾರ, ನಾಲ್ಕು, ಮೂರು. ಮರಳಿನ ಮೇಲೆ ಪಾಚಿ ಹಸಿರು ಕಂಬಳಿಯಂತೆ ಬೆಳೆಯತೊಡಗಿತು. ಅತ್ತೆ ಯಾರಿಗೂ ದೂರು ಹೇಳಲಿಲ್ಲ. ತನಗೆ ವಯಸ್ಸಾಯಿತು, ಕೈ ನಿಧಾನವಾಯಿತು, ಮೊದಲಿನಷ್ಟು ಚೊಕ್ಕಟವಾಗಿ ಹೆರೆಯಲು ಬರುತ್ತಿಲ್ಲ ಎಂದು ಅವಳು ನಂಬಿದ್ದಳು. ಊಟವಾದ ಮೇಲೆ ಕುಳಿತು ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದುಕೊಡುತ್ತಿದ್ದವರು ಮಾವನೇ. ಮಾವನಿಗೆ ಹೆಸರು ತಂದ ಹಸಿರೇ ಕೆಳಗೆ ಇಳಿದು ಅತ್ತೆಯ ಹೆಸರು ಕೆಡಿಸುತ್ತಿದೆ ಎಂದು ಬಟ್ಟಲು ಹಿಡಿದವರಿಗೂ ಗೊತ್ತಿರಲಿಲ್ಲ, ಎಣ್ಣೆ ಹಚ್ಚಿಕೊಂಡವಳಿಗೂ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಎರಡು ತೊಟ್ಟಿಗಳೂ ಒಟ್ಟಿಗೆ ಕಟ್ಟಿಕೊಂಡವು. ನಾಲ್ಕು ದಿನ ಊರಿನ ನಲ್ಲಿಗಳಲ್ಲಿ ಬಂದ ನೀರಿಗೆ ಒದ್ದೆ ಗೋಣಿಚೀಲದ ವಾಸನೆ. ಚಹಾ ಕುಡಿದವರು ಹಾಲನ್ನು ಬೈದರು, ಹಾಲಿನವನು ನೀರನ್ನು ಬೈದ, ಹಾಲಿನಲ್ಲಿ ನೀರಿದೆ ಎಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು. ಕಚೇರಿಗೆ ದೂರುಗಳು ಬಂದವು. ಕೇಂದ್ರಕ್ಕೆ ಎರಡು ಮೂರು ತಿಂಗಳ ಹಿಂದಷ್ಟೇ ಬಂದಿದ್ದ ಹೊಸ ಇಂಜಿನಿಯರು ತೊಟ್ಟಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಆದರೆ ಮನೆಯಿಂದ ಕುಡಿಯುವ ನೀರು ಬಾಟಲಿಯಲ್ಲಿ ತರುತ್ತಿದ್ದರು, ನೀರು ಸರಬರಾಜು ಕೇಂದ್ರಕ್ಕೆ.

ಮರುದಿನ ಅತ್ತೆಗೆ ಮೆಮೊ ಬಂತು. ಮರಳಿನ ತೊಟ್ಟಿಗಳ ನಿರ್ವಹಣೆಯಲ್ಲಿ ನಿರ್ಲಕ್ಷ್ಯ ಕಂಡುಬಂದಿರುವುದರಿಂದ ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಸಮಜಾಯಿಷಿ ತೃಪ್ತಿಕರವಾಗಿಲ್ಲದಿದ್ದರೆ ಅವಳನ್ನು ಕಡತ ಜೋಡಿಸುವ ಕೆಲಸಕ್ಕೆ ಹಾಕಿ, ತೊಟ್ಟಿಗಳನ್ನು ಗುತ್ತಿಗೆಯವರಿಗೆ ವಹಿಸಿ, ಪಾಚಿ ಸಾಯಲು ಕೊಳಕ್ಕೆ ಮೈಲುತುತ್ತ ಸುರಿಯುವುದೆಂದು ತೀರ್ಮಾನ. ಕೊಳದ ಮೀನುಗಳೂ ಸಾಯುತ್ತವಲ್ಲ ಸರ್ ಎಂದು ಅತ್ತೆ ಕೇಳಿದಳಂತೆ. ಮೀನಿನ ವಿಷಯ ಮೆಮೊದಲ್ಲಿಲ್ಲ ಎಂದು ಇಂಜಿನಿಯರು ಹೇಳಿದರಂತೆ.

ಇಪ್ಪತ್ಮೂರು ವರ್ಷದಲ್ಲಿ ಅವಳಿಗೆ ಬಂದ ಮೊದಲ ಕಾಗದ ಅದು. ಅವಳು ಅಳಲಿಲ್ಲ. ಸಲಿಕೆಯನ್ನು ತೊಳೆದು, ಒರೆಸಿ, ಬಾಗಿಲ ಮೂಲೆಯಲ್ಲಿ ನಿಲ್ಲಿಸಿ, ಕಡತ ಎಂದರೆ ಎಷ್ಟು ಭಾರ ಇರುತ್ತದೆ ಎಂದು ನನ್ನನ್ನು ಕೇಳಿದಳು.

ಮಾವ ಇಂಜಿನಿಯರನ್ನು ಬೈದರು, ಗುತ್ತಿಗೆಯವರನ್ನು ಬೈದರು, ನದಿಯ ಮೇಲ್ಭಾಗದ ಊರಿನವರನ್ನು ಬೈದರು. ಅವರೇ ಏನೋ ಹೊಲಸು ಬಿಡುತ್ತಿದ್ದಾರೆ, ಅದನ್ನೇ ಬರೆ ಎಂದರು. ಬರೆಯಬೇಕಾದರೆ ಲೆಕ್ಕ ಬೇಕು, ತಾನು ಎಂದೆಂದು ಹೆರೆದೆ ಎಂಬುದನ್ನು ತೋರಿಸಬೇಕು ಎಂದು ಅತ್ತೆ ಮೂರನೆಯ ದಿನ ಮಧ್ಯಾಹ್ನ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಹರಡಿದಳು. ಗೀಟುಗಳನ್ನು ಎಣಿಸುತ್ತ ಹೋದಳು. ಎಣಿಸುವಾಗ ಮೊದಲ ಸಲ ಚುಕ್ಕಿಗಳು ಕಣ್ಣಿಗೆ ಬಿದ್ದವು. ಚುಕ್ಕಿ ಬಿದ್ದ ಹತ್ತು ಹನ್ನೆರಡು ದಿನಕ್ಕೆ ಒಂದು ಗೀಟು. ನಡುವೆ ಮಳೆ ಬಂದಿದ್ದರೆ ಇನ್ನೂ ಬೇಗ. ಮಾವ ಜ್ವರ ಬಂದು ಮಲಗಿದ್ದ ತಿಂಗಳಲ್ಲಿ ಚುಕ್ಕಿ ಇರಲಿಲ್ಲ; ಆ ತಿಂಗಳು, ಅದರ ಮುಂದಿನ ತಿಂಗಳು, ಗೀಟೂ ಇರಲಿಲ್ಲ.

ಒಂದು ವರ್ಷದ ಸಾಕ್ಷಿ ಸಾಲದು ಎನ್ನುವಷ್ಟು ಅವಳು ಗಂಡನನ್ನು ಬಲ್ಲಳು. ಹಳೆಯ ಕ್ಯಾಲೆಂಡರುಗಳು ಎಲ್ಲಿ? ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಗಳ ಅಡಿಯಲ್ಲಿ. ಪ್ರತಿ ವರ್ಷ ಹಳೆಯ ಹಾಳೆಗಳನ್ನು ಕಪಾಟಿಗೆ ಹಾಸುವುದು ಅವಳ ಪದ್ಧತಿ, ಹಳೆಯದರ ಮೇಲೆ ಹೊಸದು. ಉಪ್ಪಿನ ಡಬ್ಬ, ಬೇಳೆ ಡಬ್ಬ, ಸಕ್ಕರೆ ಡಬ್ಬ ಎಲ್ಲ ನೆಲಕ್ಕಿಳಿದವು. ಎಣ್ಣೆ ಡಬ್ಬದ ಕೆಳಗಿದ್ದ ಒಂದು ಮಾರ್ಚ್ ತಿಂಗಳು ಮಾತ್ರ ಓದಲಾಗಲಿಲ್ಲ. ಉಳಿದದ್ದೆಲ್ಲ ಸ್ಪಷ್ಟವಾಗಿತ್ತು. ಎಲ್ಲಕ್ಕಿಂತ ಅಡಿಯ ಹಾಳೆಯಲ್ಲಿ, ಮಾವ ಮೇಸ್ತ್ರಿಯಾಗುವ ಹಿಂದಿನ ವರ್ಷ, ಚುಕ್ಕಿಯೇ ಇರಲಿಲ್ಲ. ಗೀಟುಗಳು ಇಡೀ ವರ್ಷಕ್ಕೆ ಏಳು.

ಅವಳು ಡಬ್ಬಗಳನ್ನು ಮತ್ತೆ ಮೇಲಿಟ್ಟಳು. ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ತನ್ನ ಕೈಗೆ ವಯಸ್ಸಾಗಿಲ್ಲ ಎಂದು ತಿಳಿದ ಸಂತೋಷವನ್ನು ಯಾರ ಮುಂದೆ ಹೇಳಿಕೊಳ್ಳುವುದು, ಹೇಳಿಕೊಳ್ಳಬೇಕಾದವರೇ ಆರೋಪಿ. ಮೆಮೊಗೆ ನಿಜ ಬರೆದರೆ ತನ್ನ ಹೆಸರು ಉಳಿಯುತ್ತದೆ, ನಿವೃತ್ತಿಗೆ ಹದಿನಾಲ್ಕು ತಿಂಗಳಿರುವ ಗಂಡನ ಹೆಸರು ಹೋಗುತ್ತದೆ. ಬರೆಯದಿದ್ದರೆ ತೊಟ್ಟಿ ಹೋಗುತ್ತದೆ.

ಹೇಳಿದ್ದು ಆರನೆಯ ದಿನ, ಊಟಕ್ಕೆ ಕುಳಿತಾಗ. ತಟ್ಟೆಯ ಪಕ್ಕ ಕ್ಯಾಲೆಂಡರು ಇಟ್ಟು ಬೆರಳಿನಿಂದ ತೋರಿಸಿದಳು. ಮಾವ ಮೊದಲು ನಕ್ಕರು. ಆಮೇಲೆ ಹುಲ್ಲಿಗೆ ಹಾಕಿದ್ದು ಹುಲ್ಲು ತಿನ್ನುತ್ತದೆ, ಅದಕ್ಕೆ ಕಾಲಿದೆಯೇ ನಡೆದುಕೊಂಡು ನೀರಿಗೆ ಹೋಗಲು ಎಂದರು. ಆಮೇಲೆ ನಗುವುದು ನಿಲ್ಲಿಸಿದರು.

"ಹಾಗಾದರೆ ಹನ್ನೊಂದು ವರ್ಷ ನಿನ್ನ ಕೈ ನೋಯಿಸಿದ್ದು ನಾನು ಅಂತೀಯಾ?"

"ನಾನು ಏನೂ ಅಂತಿಲ್ಲ ರೀ. ನಿಮ್ಮ ಚುಕ್ಕಿ ಅಂತಿದೆ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಅವತ್ತು ಅರ್ಧ ಮಾತ್ರ ನಡೆಯಿತು, ಉಂಡರು. ಬೆಳಿಗ್ಗೆ ಮಾವ ತಮ್ಮ ನಿರಪರಾಧವನ್ನು ಸಾಬೀತು ಮಾಡುವ ಹುಮ್ಮಸ್ಸಿನಲ್ಲಿ ಎದ್ದರು. ಖಾಲಿ ಜಾಮ್ ಬಾಟಲಿಗಳನ್ನು ಹುಡುಕಿ ತೆಗೆದು, ನಾಲ್ಕನ್ನೂ ಕೊಳದ ನೀರಿನಿಂದ ತುಂಬಿ, ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟರು. ಒಂದನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಒಂದು ಚಿಟಿಕೆ ಚೀಲದ ಗೊಬ್ಬರ. ಮೂರನೆಯದಕ್ಕೆ ಹಸಿ ಸಗಣಿ, ಇದು ಅತ್ತೆಯನ್ನು ಸಿಕ್ಕಿಸಲು. ಅವಳು ಹಿಂದಿನ ದಿನ ಜಗಳದಲ್ಲಿ ಸಗಣಿ ಹಾಕಿದ್ದರೆ ಈ ಗತಿ ಬರುತ್ತಿತ್ತೇ ಎಂದಿದ್ದಳು. ನಾಲ್ಕನೆಯದಕ್ಕೆ ಅತ್ತೆಯ ಒತ್ತಾಯಕ್ಕೆ, ಪಂಪ್‌ಹೌಸಿನ ಹಿಂದೆ ಹಳೆಯ ಮೇಸ್ತ್ರಿ ಬಿಟ್ಟುಹೋಗಿದ್ದ ರಾಶಿಯ ತಳದಿಂದ ಒಂದು ಹಿಡಿ ಎಲೆಗೊಬ್ಬರ. ಅದು ಹನ್ನೊಂದು ವರ್ಷ ಕೊಳೆತು, ಕಾಫಿಪುಡಿಯಂತೆ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು.

ಎಂಟು ದಿನ ಆ ಕಿಟಕಿಗೆ ಬಂದಷ್ಟು ಅತಿಥಿಗಳು ಆ ಮನೆಗೆ ಬಂದಿರಲಿಲ್ಲ. ಮಾವ ಹಲ್ಲುಜ್ಜುತ್ತ ನೋಡುತ್ತಿದ್ದರು, ಅತ್ತೆ ಪಾತ್ರೆ ತೊಳೆಯುತ್ತ ನೋಡುತ್ತಿದ್ದಳು, ಒಬ್ಬರು ನೋಡುವಾಗ ಇನ್ನೊಬ್ಬರು ನೋಡದವರಂತೆ ಇರುತ್ತಿದ್ದರು. ನಾಲ್ಕನೆಯ ದಿನಕ್ಕೆ ಎರಡನೆಯ ಬಾಟಲಿಗೆ ಬಣ್ಣ ಬಂತು. ಎಂಟನೆಯ ದಿನಕ್ಕೆ ಅದು ಮಾವನ ಹುಲ್ಲುಹಾಸಿನ ಬಣ್ಣವೇ ಆಗಿತ್ತು, ನೆರಳೂ ಬೆಳಕೂ ಆ ಕಡೆಯಿಂದ ಈ ಕಡೆ ದಾಟುತ್ತಿರಲಿಲ್ಲ. ಒಂದನೆಯದು ತುಸು ಮಬ್ಬು. ನಾಲ್ಕನೆಯದು ತೆಳು ಚಹಾದಂತೆ ಕಂದಾಗಿ, ಆಚೆಯ ಗೋಡೆ ಕಾಣುವಂತೆ ಇತ್ತು. ಮೂರನೆಯದೂ ದಟ್ಟ ಹಸಿರೇ, ಮೇಲೆ ಗಬ್ಬು ವಾಸನೆ ಬೇರೆ.

ಮಾವನಿಗೆ ಜೀವ ಬಂತು. ನೋಡು, ನಿನ್ನ ಸಗಣಿಯೂ ಅದನ್ನೇ ಮಾಡಿತು ಎಂದು ಮೂರನೆಯ ಬಾಟಲಿಯನ್ನು ಎತ್ತಿ ಹಿಡಿದರು. ಮಾತು ಸುಳ್ಳಲ್ಲ. ತಿನ್ನಲು ಸಿಕ್ಕರೆ ಪಾಚಿ ಅದು ಚೀಲದಿಂದ ಬಂತೋ ಹಸುವಿನಿಂದ ಬಂತೋ ಎಂದು ವಿಳಾಸ ಕೇಳುವುದಿಲ್ಲ. ಅತ್ತೆ ಬಾಟಲಿಯನ್ನು ಅವರ ಕೈಯಿಂದ ಇಸಿದುಕೊಂಡು ಹೊರಗೆ ಚೆಲ್ಲಿ ಬಂದು, ಹಸಿಯದು ಬೇಡ ಎಂದು ಗೊತ್ತಾಯಿತಲ್ಲ, ಅದೂ ಒಂದು ಲಾಭವೇ ಎಂದಳು. ಆಮೇಲೆ ಎರಡನೆಯದನ್ನೂ ನಾಲ್ಕನೆಯದನ್ನೂ ಮಾತ್ರ ಪಕ್ಕಪಕ್ಕ ಇಟ್ಟಳು. ಮಾವ ಬಹಳ ಹೊತ್ತು ನೋಡಿದರು. ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರೆ. ಇಲ್ಲಿ ಉಪ್ಪು ತಿಂದದ್ದು ಹುಲ್ಲು, ನೀರು ಕುಡಿದದ್ದು ಊರು. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪೈಪು ಹಿಡಿದು ನೀರು ಬಿಡುವಾಗ ಅದು ಇಳಿಜಾರಿನಲ್ಲಿ ಕೊಳದ ಅಂಚಿನವರೆಗೆ ಮಿಂಚುತ್ತ ಹೋಗುವುದನ್ನು ಹನ್ನೊಂದು ವರ್ಷ ನೋಡಿ ಖುಷಿಪಟ್ಟವರು ಅವರೇ. ಅವರು ಹೊರಗೆ ಹೋಗಿ ಹುಲ್ಲಿಗೆ ಸಲಿಕೆ ಹಾಕಿದರು. ಸಲಿಕೆ ಇಳಿಯಲಿಲ್ಲ, ಕಲ್ಲಿಗೆ ಹೊಡೆದಂತೆ ಶಬ್ದ ಬಂತು. ಬಗ್ಗಿ ಎರೆಹುಳು ಹುಡುಕಿದರು.

ಹದಿನಾಲ್ಕನೆಯ ದಿನ ಸಮಜಾಯಿಷಿಯನ್ನು ಅಂದವಾಗಿ ಬರೆದುಕೊಡಲು ನನ್ನನ್ನು ಕರೆದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳ ಗಿಣ್ಣಿಗೆ ಸ್ಕೇಲಿನಿಂದ ಹೊಡೆದು ತಿದ್ದಿದ ನನ್ನ ಅಕ್ಷರ ಸರ್ಕಾರಿ ಕಾಗದಗಳಿಗೆ ಮಾತ್ರ ಉಪಯೋಗವಾಗಿದೆ. ಅತ್ತೆ ಹೇಳುತ್ತ ಹೋದಳು, ನಾನು ಬರೆದೆ. ಹೆರೆದ ದಿನಗಳೆಲ್ಲ ಇದ್ದವು. ಪಾಚಿ ಹೆಚ್ಚಾಗಿರುವುದರಿಂದ ಇನ್ನು ಮುಂದೆ ವಾರಕ್ಕೊಮ್ಮೆ ಹೆರೆಯುತ್ತೇನೆ, ತೊಟ್ಟಿಗಳನ್ನು ನನ್ನ ಬಳಿಯೇ ಇರಿಸಬೇಕಾಗಿ ಪ್ರಾರ್ಥನೆ ಎಂದು ಮುಗಿಸಿದಳು. ಪಾಚಿ ಏಕೆ ಹೆಚ್ಚಾಯಿತು ಎಂಬುದು ಎಲ್ಲೂ ಇರಲಿಲ್ಲ. ವಾರಕ್ಕೊಮ್ಮೆ ಹೆರೆದರೆ ಅವಳ ಮೊಣಕೈ ಎಷ್ಟು ವಾರ ತಡೆಯುತ್ತದೆ ಎಂಬುದೂ ಇರಲಿಲ್ಲ.

ಮಾವ ಕಾಗದವನ್ನು ಎರಡು ಸಲ ಓದಿದರು.

"ಇದರಲ್ಲಿ ನಾನೆಲ್ಲಿ?"

"ನೀವ್ಯಾಕೆ ಬರಬೇಕು? ಮೆಮೊ ಬಂದಿರೋದು ನನಗೆ."

ಅವರು ಜೇಬಿನಿಂದ ಹಸಿರು ಪೆನ್ನು ತೆಗೆದರು. ಗೋಡೆಯಿಂದ ಕ್ಯಾಲೆಂಡರು ಇಳಿಸಿ, ಎದುರಿಗೆ ಇಟ್ಟುಕೊಂಡು, ಅತ್ತೆಯ ಒಂದೊಂದು ಹೆರೆದ ತಾರೀಖಿನ ಪಕ್ಕದಲ್ಲೂ ತಾವು ಗೊಬ್ಬರ ಹಾಕಿದ ತಾರೀಖು ಬರೆಯುತ್ತ ಬಂದರು. ಮುತ್ತು ಪೋಣಿಸಿದಂತಿದ್ದ ನನ್ನ ಅಕ್ಷರಗಳ ನಡುವೆ ಅವರ ಅಕ್ಷರ ಅಡ್ಡಾದಿಡ್ಡಿ ಬೇಲಿ ಹಾಕಿದಂತೆ ಕಂಡಿತು. ಕೊನೆಯಲ್ಲಿ ಒಂದೇ ಸಾಲು: ಈ ಗೊಬ್ಬರ ಹಾಕಿದವನು ನಾನು, ತೊಟ್ಟಿಯ ತಪ್ಪಲ್ಲ. ಸಹಿ, ಹುದ್ದೆ, ತಾರೀಖು. ಅತ್ತೆ ಕಾಗದ ಕಿತ್ತುಕೊಳ್ಳಲು ಕೈ ಚಾಚಿದಳು. ಶಾಯಿ ಒಣಗಿಲ್ಲ, ಮುಟ್ಟಬೇಡ ಎಂದರು.

ಮರುದಿನ ಇಬ್ಬರೂ ಒಟ್ಟಿಗೆ ಇಂಜಿನಿಯರ ಕೋಣೆಗೆ ಹೋದರು. ಪಂಪ್‌ಹೌಸಿನ ಮೂಲೆಯಲ್ಲಿ ಬೇರೆಯಾಗದೆ ಇಪ್ಪತ್ಮೂರು ವರ್ಷದಲ್ಲಿ ಅವರು ನಡೆದದ್ದು ಅದೇ ಮೊದಲು. ಮಾವನ ಕೈಚೀಲದಲ್ಲಿ ಎರಡು ಬಾಟಲಿ. ಇಂಜಿನಿಯರು ಕಾಗದ ಓದಿ, ಬಾಟಲಿಗಳನ್ನು ಕಿಟಕಿಗೆ ಹಿಡಿದು ನೋಡಿ, ಸ್ವಲ್ಪ ಹೊತ್ತು ತಮ್ಮ ಮನೆಯ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತರಂತೆ.

"ಇದನ್ನು ಫೈಲಿಗೆ ಹಾಕಿದರೆ ನಿಮಗೂ ಒಂದು ಮೆಮೊ ಕೊಡಬೇಕಾಗುತ್ತೆ, ಮೇಸ್ತ್ರಿ."

"ಕೊಡಿ ಸರ್. ಉತ್ತರ ಬರೆದು ನಮ್ಮ ಮನೇಲಿ ಅಭ್ಯಾಸ ಆಗಿದೆ."

ಇಂಜಿನಿಯರು ಫೈಲು ತರಿಸಿದರು. ಗೊಬ್ಬರದ ಬೇಡಿಕೆ ಪತ್ರಗಳು ಅದರಲ್ಲೇ ಇದ್ದವು, ಹನ್ನೊಂದು ವರ್ಷದವು. ಒಂದೊಂದರ ಕೆಳಗೂ ಆಯಾ ಕಾಲದ ಇಂಜಿನಿಯರ ಒಪ್ಪಿಗೆ ಸಹಿ. ಕೊನೆಯದರಲ್ಲಿ, ಎರಡು ತಿಂಗಳ ಹಿಂದಿನದರಲ್ಲಿ, ಅವರದೇ. ಆ ಸಹಿಯನ್ನು ಅವರು ಬೇರೆ ಯಾರದೋ ಮಗುವನ್ನು ನೋಡುವಂತೆ ನೋಡಿದರಂತೆ. ಮೆಮೊ ಯಾರಿಗೂ ಹೋಗಲಿಲ್ಲ. ಅತ್ತೆಯ ಮೆಮೊದ ಮೇಲೆ ‘ಸಮಜಾಯಿಷಿ ಒಪ್ಪಿದೆ, ಮುಕ್ತಾಯ’ ಎಂದು ಬರೆದರು. ಮೈಲುತುತ್ತದ ಮಾತು ಬಿತ್ತು. ಆದರೆ ಮೇಲಧಿಕಾರಿಗಳ ತಪಾಸಣೆಗೆ ಏಳು ವಾರವಿದೆ, ಅಷ್ಟರಲ್ಲಿ ಹುಲ್ಲು ಏನಾಗುತ್ತದೆ ಎಂದು ಕೇಳಿದರು. ಹಳದಿಯಾಗುತ್ತದೆ ಸರ್ ಎಂದು ಮಾವ ನಿಜವನ್ನೇ ಹೇಳಿದರು. ಇಂಜಿನಿಯರು ನಿಟ್ಟುಸಿರು ಬಿಟ್ಟು ಆಗಲಿ ಎಂದರು.

ಹುಲ್ಲು ಮಾತಿಗೆ ತಪ್ಪಲಿಲ್ಲ, ಹಳದಿಯಾಯಿತು. ಕೆಲವು ಕಡೆ ಬೋಳಾಯಿತು. ಮಾವ ಎಲೆ ಸುಡುವುದು ನಿಲ್ಲಿಸಿ ಹಳೆಯ ಜಾಗದಲ್ಲೇ ಹೊಸ ರಾಶಿ ಹಾಕಿದರು. ಹಳೆಯ ರಾಶಿಯನ್ನು ಜರಡಿ ಹಿಡಿದು, ಮುಳ್ಳುಗೋಲಿನಿಂದ ನೆಲಕ್ಕೆ ತೂತು ಹೊಡೆದು, ತೆಳ್ಳಗೆ ಎರಚಿದರು. ಕೊಳದ ಅಂಚಿನಲ್ಲಿ ಎರಡಾಳಿನಷ್ಟು ಅಗಲದ ಪಟ್ಟಿಯಲ್ಲಿ ಹುಲ್ಲನ್ನು ಕತ್ತರಿಸದೆ ಎತ್ತರಕ್ಕೆ ಬಿಟ್ಟರು, ಮೇಲಿನಿಂದ ಇಳಿದು ಬರುವ ನೀರನ್ನು ಅದು ತಡೆದು ಕುಡಿಯಲಿ ಎಂದು. ಅದು ಗಡ್ಡ ಬೆಳೆದ ಮುಖದಂತೆ ಕಾಣುತ್ತಿತ್ತು. ಮಾವ ಆ ಕಡೆ ನೋಡದೆ ನಡೆಯುವುದನ್ನು ಕಲಿತರು. ಫೋಟೋದವರು ಬಂದು, ನೋಡಿ, ಬೇರೆ ಜಾಗ ಹುಡುಕಿಕೊಂಡು ಹೋದರು.

ಹೊಸ ರಾಶಿ ಬೇಗ ಕೊಳೆಯಲು ಎಲೆಯೊಂದೇ ಸಾಲದು, ಹಸಿಯಾದ ಏನಾದರೂ ಬೇಕಿತ್ತು. ಆಗ ಅತ್ತೆ ಮರಳು ತೊಳೆಯುವಾಗ ಬೇರೆಯಾಗುವ ಪಾಚಿಯ ರಾಡಿಯನ್ನು, ಇಷ್ಟು ವರ್ಷ ಚರಂಡಿಗೆ ಬಿಡುತ್ತಿದ್ದದ್ದನ್ನು, ಬಾಂಡಲಿಯಲ್ಲಿ ಹೊತ್ತು ತಂದು ರಾಶಿಯ ಮುಂದೆ ಇಳಿಸಿದಳು.

"ತಗೊಳ್ಳಿ ನಿಮ್ಮ ಗೊಬ್ಬರ. ದಾರಿ ತಪ್ಪಿ ನಮ್ಮ ಕಡೆ ಬಂದಿತ್ತು."

ಮಾವ ಅದರ ಮೇಲೆ ಎಲೆ ಮುಚ್ಚಿದರು. ಹತ್ತು ಬಾಂಡಲಿ ಬಂತು ಮೊದಲ ಸಲ. ರಾಶಿ ಒಳಗೊಳಗೇ ಬಿಸಿಯಾಗಿ, ಬೆಳಗಿನ ಹೊತ್ತು ಹಬೆಯಾಡುತ್ತಿತ್ತು. ಕೈ ಇಟ್ಟು ನೋಡಿದ ಮಾವನ ಮುಖದಲ್ಲಿ ಹುಲ್ಲು ಹಳದಿಯಾದ ಮೇಲೆ ಮೊದಲ ಸಲ ಹಳೆಯ ಹೆಮ್ಮೆ ಕಾಣಿಸಿತು.

ತಪಾಸಣೆಯ ದಿನ ಮೇಲಧಿಕಾರಿಗಳು ಮೆಟ್ಟಿಲ ಮೇಲೆ ನಿಂತು ಹುಲ್ಲನ್ನು ನೋಡಿ, ಇಂಜಿನಿಯರ ಮುಖ ನೋಡಿದರು. ಇಂಜಿನಿಯರು ಅವರನ್ನು ನೇರವಾಗಿ ತೊಟ್ಟಿಗಳ ಬಳಿಗೆ ಕರೆದೊಯ್ದರು. ಅತ್ತೆ ಸಲಿಕೆ ಹಿಡಿದು ನಿಂತಿದ್ದಳು. ಮರಳು ಹಿಡಿದು ತೋರಿಸು ಎಂದರಂತೆ, ತೋರಿಸಿದಳು. ಕೈ ಒದ್ದೆಯಾಯಿತು, ಕೊಳೆಯಾಗಲಿಲ್ಲ. ಅವರು ಹೋದ ಮೇಲೆ ಪುಸ್ತಕದಲ್ಲಿ ಇದ್ದದ್ದು ಎರಡು ವಾಕ್ಯ. ನೀರಿನ ಗುಣಮಟ್ಟ ಉತ್ತಮ. ಹುಲ್ಲುಹಾಸಿನ ಬಗ್ಗೆ ಗಮನ ಹರಿಸತಕ್ಕದ್ದು. ಅತ್ತೆಯ ಕೆಲಸದ ಬಗ್ಗೆ ಬಂದ ಮೊದಲ ಸಾಲು, ಮಾವನ ಕೆಲಸದ ಬಗ್ಗೆ ಬಂದ ಮೊದಲ ಬೈಗುಳ, ಮಧ್ಯೆ ಒಂದು ಪೂರ್ಣವಿರಾಮ ಮಾತ್ರ. ಮಾವ ಅದನ್ನು ಮನೆಗೆ ಬಂದು ಬಾಯಿಪಾಠ ಒಪ್ಪಿಸಿದರು, ಎರಡನೆಯ ವಾಕ್ಯವನ್ನೂ ಬಿಡದೆ. ಅತ್ತೆ ಮೊದಲನೆಯದನ್ನು ಇನ್ನೊಂದು ಸಲ ಹೇಳಿಸಿದಳು.

ಈಗ ಮಾವನ ನಿವೃತ್ತಿಗೆ ಮೂರು ತಿಂಗಳಿದೆ. ಹುಲ್ಲು ಹಸಿರಾಗಿದೆ, ಆದರೆ ಗಿಳಿಯ ಹಸಿರಲ್ಲ, ಎಲೆಯ ಹಸಿರು. ಎರಡು ಕಡೆ ಇನ್ನೂ ಬೋಳು. ಸಲಿಕೆ ಅರ್ಧದವರೆಗೆ ಇಳಿಯುತ್ತದೆ. ಹಕ್ಕಿಗಳು ಬರುತ್ತವೆ, ಬಂದು ಹುಲ್ಲಿನ ಮೇಲೆಯೇ ಗಲೀಜು ಮಾಡುತ್ತವೆ. ಮಾವ ಅದಕ್ಕೂ ಬೈಯುತ್ತಾರೆ, ಓಡಿಸುವುದಿಲ್ಲ. ಕ್ಯಾಲೆಂಡರಿನಲ್ಲಿ ಚುಕ್ಕಿ ವರ್ಷಕ್ಕೆ ಎರಡೇ, ಅದೂ ಎಲೆಗೊಬ್ಬರದ್ದು. ಗೀಟು ಕಳೆದ ಸಲ ಬಂದದ್ದು ಐವತ್ತೊಂದು ದಿನಕ್ಕೆ. ಇಂಜಿನಿಯರು ಮನೆಯಿಂದ ಬಾಟಲಿ ತರುವುದನ್ನು ಬಿಟ್ಟಿದ್ದಾರೆ. ಅದನ್ನು ಅತ್ತೆ ಪುಸ್ತಕದ ಸಾಲಿಗಿಂತ ದೊಡ್ಡದೆಂದು ಎಣಿಸಿದ್ದಾಳೆ.

ಆ ಐವತ್ತೊಂದನೆಯ ದಿನ ನಾನೂ ಅಲ್ಲಿದ್ದೆ. ಮಾವ ರಾಶಿಯನ್ನು ಬಿಡಿಸಿ, ನಡುವೆ ಗುಂಡಿ ತೆಗೆದು, ಎಲೆ ಪಕ್ಕಕ್ಕೆ ಇಟ್ಟುಕೊಂಡು, ಹತ್ತು ಬಾಂಡಲಿಗೆ ಜಾಗ ಮಾಡಿ ಕಾಯುತ್ತಿದ್ದರು. ಅತ್ತೆ ಕೆಳಗಿನಿಂದ ನಿಧಾನವಾಗಿ ಬಂದಳು. ತಲೆಯ ಮೇಲಿನ ಬಾಂಡಲಿ ಇಳಿಸಿದಳು. ಮುಕ್ಕಾಲು ತುಂಬಿತ್ತು. ಮಾವ ಅವಳ ಹಿಂದೆ ನೋಡಿದರು, ಯಾರೂ ಬರುತ್ತಿರಲಿಲ್ಲ.

"ಇಷ್ಟೇನಾ?"

"ನೀವು ಕಳಿಸಿದ್ದು ಇಷ್ಟೇ ರೀ," ಎಂದಳು ಅತ್ತೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ.